ಅಕ್ಕನ ಹೆಸರು ಅಕ್ಕನಿಗೆ

ನಮ್ಮ ಸೋದರತ್ತೆಯನ್ನು ಅಂಗಡಿಯಲ್ಲಿ ಎಲ್ಲರೂ ಕರೆಯುವುದು ಮೊಳೆಬಾಯಿ ಎಂದು. ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವುದು ಅವಳ ಕೆಲಸ. ಒಂದಷ್ಟು ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೆಯುತ್ತಾಳೆ. ಇನ್ನೊಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕಲ್ಲ, ಅದಕ್ಕೆ. ಬಾಯಲ್ಲಿ ಮೊಳೆ ಇಲ್ಲದಾಗ ಅವಳು ಆಡುವ ಮಾತೂ ಅಷ್ಟೇ ಚೂಪು.

ಆ ಅಂಗಡಿಯಲ್ಲೊಂದು ರೂಢಿಯಿದೆ. ಬಟ್ಟೆ ಮುಚ್ಚುವ ಮುಂಚೆ ಒಳಗಿನ ಮರದ ಮೇಲೆ ಕೆಲಸ ಮಾಡಿದವರು ಪೆನ್ಸಿಲ್‌ನಲ್ಲಿ ಹೆಸರು ಬರೆಯಬೇಕು. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆಂದೋ ಕುರ್ಚಿ ಬಿಚ್ಚಿದವರು ಅದನ್ನು ಓದಿ ಹೊಗಳುತ್ತಾರೆ, ಇಲ್ಲವೇ ಬೈಯುತ್ತಾರೆ. ಅತ್ತೆ ಮಾತ್ರ ಆಗ ಹೆಸರು ಬರೆಯುತ್ತಿರಲಿಲ್ಲ. ಒಂದು ಮೊಳೆಯ ಚಿತ್ರ ಬಿಡಿಸಿ ಮುಚ್ಚಿಬಿಡುತ್ತಿದ್ದಳು.

ಅದಕ್ಕೆ ಕಾರಣ ಅಜ್ಜಿಯ ಮನೆಯ ಗೋಡೆಯ ಮೇಲಿತ್ತು. ಅಲ್ಲೊಂದು ಮಗುವಿನ ಫೋಟೋ, ಅದರ ಕೆಳಗೆ ಹೆಸರು. ಅದು ಅಜ್ಜಿಯ ಮೊದಲ ಮಗಳು, ನಡೆಯಲು ಕಲಿತ ಹೊಸದರಲ್ಲೇ ಜ್ವರ ಬಂದು ತೀರಿಕೊಂಡವಳು. ಆಮೇಲೆ ಹುಟ್ಟಿದ ಹುಡುಗಿಗೂ ಅಜ್ಜಿ ಅದೇ ಹೆಸರಿಟ್ಟಳು. ಹೆಸರು ಹಾಗಿರಲಿ, ಶಾಲೆಗೆ ಸೇರಿಸುವಾಗ ಸತ್ತ ಮಗುವಿನ ಜನನ ಪತ್ರವನ್ನೇ ಕೊಟ್ಟಳು. ಹೀಗೆ ನಮ್ಮತ್ತೆ ಹುಟ್ಟುವ ಮೊದಲೇ ಮೂರು ವರ್ಷ ದೊಡ್ಡವಳಾದಳು. ಅಕ್ಷರ ಕಲಿತ ಮೇಲೆ ಅವಳು ಓದಿದ ಮೊದಲ ಹೆಸರು ಆ ಫೋಟೋದ ಕೆಳಗಿನದು. ಏನಾದರೂ ಒಡೆದರೆ, ಚೆಲ್ಲಿದರೆ, ಅವಳಿದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದು ಅಜ್ಜಿ ನಿಟ್ಟುಸಿರು ಬಿಡುತ್ತಿದ್ದಳು. ಮಾತೇ ಬಾರದ ಕೂಸು ದೊಡ್ಡವಳಾದ ಮೇಲೆ ಏನು ಮಾಡುತ್ತಿತ್ತು, ಏನು ಮಾಡುತ್ತಿರಲಿಲ್ಲ ಎಂದು ಅಜ್ಜಿಗೆ ಹೇಗೆ ಗೊತ್ತೋ! ನನಗಂತೂ ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಅತ್ತೆಗೆ ಐವತ್ತರ ಹತ್ತಿರವಾದಾಗ ಅಂಗಡಿಯ ಯಜಮಾನರಿಗೆ ಕಣ್ಣು ಮಂಜಾಯಿತು. ಅಂಗಡಿಯನ್ನು ಅವಳಿಗೇ ವಹಿಸಿದರು. ಬೋರ್ಡು ಬರೆಯುವವನು ಬಂದು ಯಾವ ಹೆಸರು ಬರೆಯಲಿ ಎಂದು ಕೇಳಿದ. ಅತ್ತೆ ಬಾಯಿಯ ಮೊಳೆಗಳನ್ನೆಲ್ಲ ಅಂಗೈಗೆ ಉಗಿದು, ಈಗ ಹೋಗು, ಹೇಳಿ ಕಳಿಸುತ್ತೇನೆ ಎಂದಳು. ಅದೇ ಸಂಜೆ ವಕೀಲರ ಎದುರು ಕೂತಿದ್ದಳು. ತನ್ನ ಅಂಗಡಿಯ ಮೇಲೆ ಸತ್ತವಳ ಹೆಸರು ಬೇಡ, ತಾನೇ ಆರಿಸಿಕೊಂಡ ಹೆಸರು ಬೇಕು, ತಾನು ಹುಟ್ಟಿದ ವರ್ಷವೂ ಬೇಕು ಎಂಬುದು ಅವಳ ಬೇಡಿಕೆ.

ಕೋರ್ಟಿಗೆ ಅರ್ಜಿ ಹಾಕಿ, ತಕರಾರು ಇದ್ದವರು ಬನ್ನಿ ಎಂದು ಪೇಪರಿನಲ್ಲಿ ಪ್ರಕಟಣೆ ಕೊಡಬೇಕು ಎಂದರು ವಕೀಲರು. ಅದೆಲ್ಲ ಬರೀ ಶಾಸ್ತ್ರಕ್ಕೆ, ಯಾರೂ ಬರುವುದಿಲ್ಲ ಎಂದು ಧೈರ್ಯವನ್ನೂ ಹೇಳಿದರು. ಆದರೆ ಅಜ್ಜಿ ಬಂದಳು. ಹೆಸರು ಬದಲಾಯಿಸಕೂಡದು ಎಂದು ಹೆತ್ತ ತಾಯಿಯೇ ತಕರಾರು ಹಾಕಿದ್ದಳು. ಅದನ್ನು ಬರೆದುಕೊಟ್ಟವನು ನಮ್ಮಪ್ಪ. ನೀನು ಯಾರ ಕಡೆ ಎಂದು ನಾನು ಕೇಳಿದ್ದಕ್ಕೆ, ಅವನು ತನಗೆ ಇಬ್ಬರೂ ಬೇಕಾದವರೇ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಕೋರ್ಟಿನಲ್ಲಿ ಅತ್ತೆಯ ಪಕ್ಕದ ಬೆಂಚಿನಲ್ಲಿ ನಾನಿದ್ದೆ. ಕರೆದಿದ್ದು ಹಳೆಯ ಹೆಸರಿನಲ್ಲೇ. ಅತ್ತೆ ಎದ್ದೇಳಲಿಲ್ಲ. ಇನ್ನೊಮ್ಮೆ ಕರೆದಾಗ ವಕೀಲರು ಅವಳ ಮೊಣಕೈ ಹಿಡಿದು ಎಬ್ಬಿಸಿದರು.

ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು: "ಇಷ್ಟು ವರ್ಷ ಇದೇ ಹೆಸರಲ್ಲಿ ಬದುಕಿದ್ದೀರಲ್ಲಮ್ಮ, ಈಗೇನು ತೊಂದರೆ?"

"ಬದುಕಿದ್ದೀನಲ್ಲ ಸ್ವಾಮಿ, ಅದೇ ತೊಂದರೆ. ಆ ಹೆಸರಿನವಳು ಸತ್ತು ಹೋಗಿದ್ದಾಳೆ."

ಯಾರೋ ನಕ್ಕರು. ಅಜ್ಜಿ ನಗಲಿಲ್ಲ. ಎದ್ದು ನಿಂತು, ನ್ಯಾಯಾಧೀಶರನ್ನು ಬಿಟ್ಟು ಮಗಳನ್ನೇ ನೋಡುತ್ತಾ ಹೇಳಿದಳು: "ಹೆಸರೂ ಹೋದ್ರೆ ನನ್ನ ಮಗು ಒಂದಿತ್ತು ಅನ್ನೋದಕ್ಕೆ ಏನೇ ಉಳಿಯುತ್ತೆ? ಕೂಗಿದ್ರೆ ಓ ಅನ್ನೋರು ಒಬ್ಬರಾದ್ರೂ ಬೇಡ್ವಾ?"

 ಅತ್ತೆ ಅಜ್ಜಿಯ ಕಡೆ ತಿರುಗಿದಳು.

"ನಾನು ಅವಳ ಹೆಸರನ್ನ ಬಿಸಾಕ್ತಿಲ್ಲಮ್ಮ, ವಾಪಸ್ ಕೊಡ್ತಿದ್ದೀನಿ. ಓ ಅಂತಿದ್ದೋಳು ನಾನು, ಅವಳಲ್ಲ. ನೀನು ಒಂದು ದಿನಾನೂ ನನ್ನ ಕರೀಲಿಲ್ಲ."

ಮುಂದಿನ ತಾರೀಖಿಗೆ ಆದೇಶವಾಯಿತು. ಹೆಸರಿಟ್ಟವರ ಹಕ್ಕು ಇಟ್ಟ ದಿನಕ್ಕೇ ಮುಗಿಯಿತು ಎಂದು ನ್ಯಾಯಾಧೀಶರು ಅರ್ಜಿ ಒಪ್ಪಿದರು. ಅಂಗಡಿಯ ಮೇಲೆ ಹೊಸ ಬೋರ್ಡು ಏರಿತು. ಅಜ್ಜಿ ಮಾತ್ರ ಜಗ್ಗಲಿಲ್ಲ. ಮಗಳು ಮನೆಗೆ ಬಂದಾಗಲೆಲ್ಲ ಬೇಕೆಂದೇ ಹಳೆಯ ಹೆಸರು ಹಿಡಿದು ಕೂಗುವಳು. ಅತ್ತೆ ಬೇಕೆಂದೇ ಕಿವುಡಿಯಾಗುವಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ.

ಹಾಗಿರುವಾಗ ಅಜ್ಜಿಯ ಕುರ್ಚಿಯ ಸ್ಪ್ರಿಂಗ್ ಮುರಿದು ಹೊರಗೆ ಬಂತು. ಎಷ್ಟೋ ದಿನ ಅದರ ಮೇಲೆ ದಿಂಬು ಹಾಕಿಕೊಂಡು ಕೂತಳು. ಸೊಂಟ ಹಿಡಿದ ಮೇಲೆ, ಬೇರೆ ಅಂಗಡಿಗೆ ಕೊಂಡುಹೋಗು ಎಂದು ಅಪ್ಪನಿಗೆ ಹೇಳಿದಳು. ಜನ್ಮದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ ಅಪ್ಪ, ಸೀದಾ ಅತ್ತೆಯ ಅಂಗಡಿಗೆ ತಂದು ಇಳಿಸಿದ.

ಕುರ್ಚಿ ರೆಡಿಯಾದಾಗ ಅತ್ತೆಯೂ ನಾನೂ ಸೇರಿ ಹೊತ್ತುಕೊಂಡು ಹೋದೆವು. ಬೇರೆಯವರ ಕೈಗೆ ಹೀಗೆ ಬಿಗಿಯಾಗುವುದಿಲ್ಲ ಎಂದು ಅಜ್ಜಿಗೆ ಕೂತ ಕೂಡಲೇ ಗೊತ್ತಾಯಿತು. ಅಂಗಡಿಯ ರೂಢಿಯೂ ಅವಳಿಗೆ ಗೊತ್ತಿತ್ತು.

"ಒಳಗೆ ಏನು ಬರೆದೆ?"

"ಇಬ್ಬರ ಹೆಸರೂ. ಮೇಲೆ ಅಕ್ಕಂದು, ಕೆಳಗೆ ನಂದು. ನಂಬಿಕೆ ಇಲ್ದಿದ್ರೆ ಬಟ್ಟೆ ಹರಿದು ನೋಡ್ಕೋ."

ಅಷ್ಟು ಹೇಳಿ ಅತ್ತೆ ಬಾಗಿಲ ಕಡೆ ಹೊರಟಳು. ಅಜ್ಜಿ ಕುರ್ಚಿಯ ತೋಳನ್ನು ಸವರುತ್ತಾ ಕೂತಿದ್ದಳು. ಆಮೇಲೆ ಎಂದಿನಂತೆ ಹಳೆಯ ಹೆಸರು ಹಿಡಿದು ಕೂಗಿದಳು. ಅತ್ತೆ ನಿಲ್ಲಲಿಲ್ಲ. ಒಂದು ಚಪ್ಪಲಿ ಮೆಟ್ಟಿದಳು, ಇನ್ನೊಂದನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡಳು.

ಅಜ್ಜಿ ಮತ್ತೆ ಕೂಗಿದಳು. ಈ ಸಲ ಬೋರ್ಡಿನ ಮೇಲಿದ್ದ ಹೆಸರು. ಸಿಟ್ಟಿನಲ್ಲೇ ಕೂಗಿದಳು, ಪೂರ್ತಿ ಕೂಗಿದಳು.

"ಓ," ಎಂದಳು ಅತ್ತೆ. ತಿರುಗಿ ಒಳಗೆ ಬಂದಳು.