ಅಪ್ಪನ ಹಡಗಿನ ಹಗ್ಗದ ಏಣಿ

ಆಗಿನ ಬೇಸಿಗೆ ರಜೆ ಎಂದರೆ ನಮಗೆ ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಬೇವಿನ ನೆರಳಲ್ಲಿ ಕುಂಟಬಿಲ್ಲೆ, ಸಂಜೆ ಔರಾದದಿಂದ ಬರುವ ಬಸ್ಸಿನ ಧೂಳಿನ ಹಿಂದೆ ಓಟ. ನಾನು ಏಳನೇ ತರಗತಿ ಮುಗಿಸಿದ ವರ್ಷ ಮಾತ್ರ ನನ್ನ ರಜೆಯೆಲ್ಲ ಒಂದು ಹಡಗಿನ ಕೆಲಸಕ್ಕೇ ಹೋಯಿತು.

ಅಪ್ಪ ಠಾಣಾ ಕುಶನೂರಿನ ಶಾಲೆಯೊಂದರಲ್ಲಿ ಚಿತ್ರಕಲೆ ಮಾಸ್ತರ. ಸಮುದ್ರ ನೋಡಿದವನಲ್ಲ. ಹೈದರಾಬಾದಿನ ಹಳೆ ಪುಸ್ತಕದ ಅಂಗಡಿಯಲ್ಲಿ ಅವನಿಗೆ ಸಿಕ್ಕ ಪುಸ್ತಕದಲ್ಲಿ ಸ್ಪೇನ್ ದೇಶದ ಹಳೆಯ ಯುದ್ಧನೌಕೆಯೊಂದರ ನಕ್ಷೆಗಳಿದ್ದವು. ಹೆಸರು ‘ಸಾಂತಿಸಿಮಾ ತ್ರಿನಿದಾದ್’. ಗಾಳಿಯ ಬಲದಿಂದಲೇ ಓಡುತ್ತಿದ್ದ ಹಡಗು. ಮೂರು ಎತ್ತರದ ಕಂಬ, ಒಂದರ ಮೇಲೊಂದು ನಾಲ್ಕು ಸಾಲು ತೋಪು. ಅದನ್ನು ಎರಡೂವರೆ ಅಡಿ ಉದ್ದಕ್ಕೆ ಇಳಿಸಿ, ಅಳತೆ ತಪ್ಪದಂತೆ ಕಟ್ಟಲು ಅಪ್ಪ ಕೂತಿದ್ದ.

ಸಾಗವಾನಿ ಪಟ್ಟಿ ಸೀಳಿ ಕೊಡುತ್ತಿದ್ದವರು ಪಕ್ಕದ ಮನೆಯ ಬಡಿಗ ಇಸ್ಮಾಯಿಲ್ ಮಾಮು. “ಮಾಸ್ತರ್, ನಮ್ ಕಡಿ ಕೆರಿನೇ ತುಂಬಲ್ಲ, ನೀವು ಜಹಾಜ್ ಕಟ್ಟಾಕತ್ತೀರಿ!” ಎಂದು ನಗುತ್ತಿದ್ದರು. ಖಾಲಿ ಪೆನ್ನಿನ ರೀಫಿಲ್ಲುಗಳ ಹಿತ್ತಾಳೆ ಮೂತಿಗಳೇ ತೋಪುಗಳಾದವು. ಅಪ್ಪನ ಹಳೆ ಧೋತರವನ್ನು ಅವ್ವ ಚಹಾದ ನೀರಿನಲ್ಲಿ ಕುದಿಸಿ ಹಾಯಿಗಳನ್ನು ಹೊಲಿದಳು. ಮನೆ ತುಂಬ ಚಹಾಪುಡಿ, ಜೇನುಮೇಣ, ಕಟ್ಟಿಗೆಯ ಹೊಟ್ಟಿನ ವಾಸನೆ.

ಹಾಯಿ ಒಣಗುವಷ್ಟರಲ್ಲಿ ಅಪ್ಪನ ಕಣ್ಣು ಮಂಜಾಗಿತ್ತು. ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಬೀದರಿನ ಡಾಕ್ಟರು ಪರೀಕ್ಷೆ ಮಾಡಿ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ಬಹಳ ದಿನ ಇರಲಿಕ್ಕಿಲ್ಲ ಎಂದರಂತೆ. ಬಸ್ಸಿನಿಂದ ಇಳಿದು ಬಂದ ಅಪ್ಪ ಕೈಕಾಲು ತೊಳೆದು ನೇರ ಹಡಗಿನ ಮುಂದೆ ಕೂತ. “ಸುನೀತಾ, ಬಾ ಇಲ್ಲಿ. ಇನ್ನ ದಾರದ ಕೆಲ್ಸ ನಿಂದು. ನಾ ಹೇಳ್ತೇನಿ, ನೀ ಕಟ್ಟು” ಎಂದ.

ಹಡಗಿನ ಎರಡೂ ಪಕ್ಕದಿಂದ ಕಂಬಗಳ ತುದಿಗೆ ಹಗ್ಗದ ಏಣಿಗಳು ಏರುತ್ತವೆ. ಉದ್ದದ ಹಗ್ಗಗಳ ಮೇಲೆ ಮೇಣ ಸವರಿದ ಹೊಲಿಗೆ ದಾರ ಮೆಟ್ಟಿಲಿನಂತೆ ಅಡ್ಡ ಇಟ್ಟು, ಪ್ರತಿ ಕೂಡಿಕೆಗೂ ಒಂದು ಗಂಟು ಹಾಕಬೇಕು. ಒಂದು ಏಣಿಗೆ ನೂರಾರು ಗಂಟು. ನೋಡುವವರ ಎದುರಿಗೆ ಬರುವ ಪಕ್ಕ ಮುಗಿಸುವಷ್ಟರಲ್ಲಿ ನನ್ನ ಬೆರಳ ತುದಿ ಸುಲಿದಿತ್ತು. ಹೊರಗೆ ಗೆಳತಿಯರು ಬಿಲ್ಲೆ ಎಸೆಯುವ ಸದ್ದು ಕೇಳುತ್ತಿತ್ತು. ಇನ್ನೊಂದು ಪಕ್ಕ ಗೋಡೆಯ ಕಡೆಗೆ ಬರುವಂಥದ್ದು, ಯಾರ ಕಣ್ಣಿಗೂ ಬೀಳದು. ಅಲ್ಲಿ ನಾನು ಗಂಟು ಹಾಕಲಿಲ್ಲ. ದಾರದ ತುಂಡುಗಳನ್ನು ಗೋಂದಿನಿಂದ ಅಂಟಿಸಿಬಿಟ್ಟೆ.

“ಆ ಕಡಿದೂ ಆಯ್ತೇನು?” ಅಪ್ಪ ಕೇಳಿದ.

“ಆಗ್ಯದ ಅಪ್ಪಾ.”

“ಎಲ್ಲಾ ಗಂಟು?”

“ಎಲ್ಲಾ.”

ಅವನ ಮುಖ ಅರಳಿತು. ಇಸ್ಮಾಯಿಲ್ ಮಾಮುಗೆ ಕೂಗಿ ಹೇಳಿದ: “ನೋಡ್ರಿ, ನನ್ ಮಗಳು ಮುಗಿಸ್ಯಾಳ.”

ಮೃಗಶಿರ ಮಳೆ ಶುರುವಾಗುವ ಹೊತ್ತಿಗೆ ಅಪ್ಪನಿಗೆ ಬೆಳಕು ಮತ್ತು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಡಗನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸವರಿ ನೋಡುತ್ತಿದ್ದ. ನಾನು ಬಾಗಿಲಲ್ಲಿದ್ದೆ. ಮಳೆಯ ತಂಪಿಗೆ ಗೋಂದು ಬಿಟ್ಟಿತ್ತು. ಅವನ ಬೆರಳು ತಾಗಿದ್ದೇ ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಉದುರಿದವು. ಅಪ್ಪ ತಡಕಾಡಿ ಒಂದು ತುಂಡು ಎತ್ತಿಕೊಂಡ. ಅದರಲ್ಲಿ ಗಂಟಿನ ಗುರುತೇ ಇಲ್ಲ.

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

“ಆಗಿಲ್ಲ ಅಂತ ಹೇಳಿದ್ರ ನಡೀತಿತ್ತಲ್ಲ ಮಗಾ,” ಎಂದ ಮೆಲ್ಲಗೆ. “ನಾ ಏನ್ ನೋಡ್ತೇನಿ ಈಗ? ನೀವು ಹೇಳಿದ್ದೇ ನಾ ನೋಡೂದು.”

ಅಳುತ್ತಲೇ ಕೂತು, ಎಂಟು ದಿನದಲ್ಲಿ ಎಲ್ಲಾ ಗಂಟು ಹಾಕಿದೆ. ಮುಗಿಯಿತೆಂದು ಹೇಳಿದಾಗ ಅಪ್ಪ ಹಡಗನ್ನು ಹತ್ತಿರಕ್ಕೆ ಎಳೆದುಕೊಂಡ. ಕೆಳಗಿನಿಂದ ಮೇಲಿನವರೆಗೆ ಬೆರಳಾಡಿಸಿ ನೋಡಿ, ಆಮೇಲೆ, “ಛಲೋ ಆಗ್ಯದ” ಎಂದ.

ಅಂದಿನಿಂದ ಹಾಗೆಯೇ ಆಯಿತು. ಚಹಾ ಆರಿದೆ ಎಂದು ನಾನು ಹೇಳಿದರೆ ಬಟ್ಟಲು ಮುಟ್ಟಿ ನೋಡುತ್ತಿದ್ದ. ಮೆಟ್ಟಿಲು ಮುಗಿಯಿತು ಎಂದರೆ ಕೋಲಿನಿಂದ ನೆಲ ತಟ್ಟುತ್ತಿದ್ದ. ಅವ್ವ ಹೇಳಿದರೆ ಹೀಗೆ ಮಾಡುತ್ತಿರಲಿಲ್ಲ. ಬೇಕೆಂದು ಮಾಡುತ್ತಿರಲಿಲ್ಲ, ಅದು ನನಗೆ ಗೊತ್ತು. ನನ್ನ ಮೇಲಿನ ಪ್ರೀತಿಯೂ ಕಡಿಮೆಯಾಗಲಿಲ್ಲ. ನಾನು ಮದುವೆಯಾಗಿ ಭಾಲ್ಕಿಗೆ ಹೊರಟಾಗ ಮಗುವಿನಂತೆ ಅತ್ತ. ಆದರೂ ನನ್ನ ಮಾತಿನ ಹಿಂದೆ ಅವನ ಕೈ ಬಂದೇ ಬರುತ್ತಿತ್ತು.

ಹಡಗನ್ನು ಅಪ್ಪ ತಾನೇ ಶಾಲೆಗೆ ಕೊಟ್ಟ. ವರ್ಷಗಳ ಮೇಲೆ ನಾನು ಅಲ್ಲಿಗೆ ಹೋದಾಗ ಗೆದ್ದಲು ಹಿಡಿದು ಹೋಯಿತೆಂದರು. ಇಸ್ಮಾಯಿಲ್ ಮಾಮು ತೀರಿಹೋಗಿ ಬಹಳ ಕಾಲವಾಯಿತು. ನಾವು ಆಡುತ್ತಿದ್ದ ಬೇವಿನಮರದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಇವೆಲ್ಲ ಎಲ್ಲರ ಊರಲ್ಲೂ ಹೋಗುವಂಥವೇ, ಅದಕ್ಕೆ ನಾನು ಅತ್ತವಳಲ್ಲ.

ಅಪ್ಪನ ಕೊನೆಯ ದಿನಗಳಲ್ಲಿ ಬೀದರಿನ ಆಸ್ಪತ್ರೆಯಲ್ಲಿ ನಾನೇ ಜೊತೆಗಿದ್ದೆ. ಆಗ ಅವನಿಗೆ ಬೆಳಕೂ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ, “ಬಿಸಲು ಬಂತೇನು?” ಎಂದು ಕೇಳಿದ. ಮಂಚದ ಪಕ್ಕದ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು.

“ಬಂದದ ಅಪ್ಪಾ,” ಎಂದೆ.

ಅವನು ಕಿಟಕಿಯತ್ತ ಕೈ ಚಾಚುತ್ತಾನೆಂದು ಕಾದೆ. ಚಾಚಲಿಲ್ಲ. ತಲೆಯಾಡಿಸಿದ. ನನ್ನ ಮಾತು ನಂಬಿದನೋ, ಕೈ ಎತ್ತುವ ಶಕ್ತಿ ಇರಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.