ಯಂತ್ರ ಓಡುತ್ತಿರಲಿಲ್ಲ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಲಾಂಡ್ರಿಯಲ್ಲಿ ಆಕೆ ಹತ್ತೊಂಬತ್ತು ವರ್ಷದಿಂದ ಬೆಡ್‌ಶೀಟ್ ಮಡಚುತ್ತಿದ್ದಳು. ಕೈಗೆ ಸಿಕ್ಕ ಬಸ್ ಟಿಕೆಟನ್ನೂ ನಾಲ್ಕಾಗಿ ಮಡಚುವವಳೆಂದು ಎಲ್ಲರೂ ಅವಳನ್ನು ಮಡಿಕೆಯಕ್ಕ ಎನ್ನುತ್ತಿದ್ದರು. ಕೆಲಸ ಕೊಡಿಸಿದವನು ಮೈದುನ, ಅಲ್ಲಿನ ಸೂಪರ್‌ವೈಸರ್. ಗಂಡ ತೀರಿಕೊಂಡ ಮೇಲೆ ಮಗ, ಸೊಸೆಯೊಂದಿಗೆ ಮೈದುನನ ಮನೆಯ ಮಹಡಿಯಲ್ಲೇ ಇದ್ದಳು. ಮೆಟ್ಟಿಲು ಹತ್ತಬೇಕಾದರೆ ಅವನ ನಡುಮನೆಯನ್ನು ದಾಟಲೇಬೇಕು.

ಒಂದು ಮಂಗಳವಾರ ಇಸ್ತ್ರಿ ಯಂತ್ರದ ರೋಲರಿನಲ್ಲಿ ಶೀಟ್ ಸಿಕ್ಕಿಕೊಂಡಿತು. ಜೊತೆಗಾತಿ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, ಕೈ ಹಾಕಿ ಎಳೆಯುತ್ತಿದ್ದಳು. "ಇನ್ನೂ ಎಷ್ಟೊತ್ತು? ಮೇಲಿಂದ ಹತ್ತು ಸಲ ಫೋನ್ ಬಂತು" ಎನ್ನುತ್ತ ಬಂದ ಮೈದುನ, ಆಚೆ ಬದಿಯಿಂದ ನೋಡದೆ ಹಸಿರು ಗುಂಡಿ ಒತ್ತಿದ. ಜೊತೆಗಾತಿಯ ಮೂರು ಬೆರಳು ಹೋದವು. ಕಣ್ಣಾರೆ ಕಂಡವಳು ಮಡಿಕೆಯಕ್ಕ ಒಬ್ಬಳೇ.

ಮರುದಿನ ಅವನು ಇಂಗ್ಲಿಷಿನಲ್ಲಿ ಟೈಪಾದ ಹಾಳೆ ಹಿಡಿದು ಮಹಡಿಗೆ ಬಂದ.

"ಅತ್ತಿಗೆ, ಇಲ್ಲೊಂದು ಸಹಿ."

"ಏನು ಬರೆದಿದೆ?"

"ಆಗಿದ್ದೇ ಬರೆದಿದೆ. ನನ್ನ ಮೇಲೆ ನಂಬಿಕೆ ಇಲ್ವಾ?"

"ಕನ್ನಡಕ ಲಾಂಡ್ರೀಲಿ ಬಿಟ್ಟುಬಂದೆ. ಹಾಳೆ ಇಲ್ಲೇ ಇರ್ಲಿ, ಶುಕ್ರವಾರದೊಳಗೆ ಹಾಕ್ತೀನಿ."

ಕನ್ನಡಕ ದಿಂಬಿನ ಕೆಳಗೇ ಇತ್ತು.

ಸೊಸೆ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಹಾಳೆ ಓದುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಅತ್ತೆ, 'ದ ಮಷೀನ್ ವಾಸ್ ರನ್ನಿಂಗ್' ಅಂತಿದೆ. ಅಂದ್ರೆ ನಿಮ್ಮ ಜೊತೆಯವರು ಕೈ ಹಾಕಿದಾಗ ಮಷೀನ್ ಓಡ್ತಾ ಇತ್ತು ಅಂತ."

"ಓಡ್ತಾ ಇರ್ಲಿಲ್ಲ! ನಿಂತಿತ್ತು."

"ಹಾಗಾದ್ರೆ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿದ್ದಾರೆ."

ಶುಕ್ರವಾರ ವಿಚಾರಣೆ. ಬರುವ ಅಧಿಕಾರಿಗೆ ಇಂಗ್ಲಿಷ್ ಮಾತ್ರ ಗೊತ್ತು. ಮಡಿಕೆಯಕ್ಕನ ಮಾತನ್ನು ಅವನಿಗೆ ತಿಳಿಸಬೇಕಾದವನು ಮೈದುನನೇ. ಮಡಿಕೆಯಕ್ಕ ಹಾಳೆಯನ್ನು ನಾಲ್ಕಾಗಿ ಮಡಚಿ ಬದಿಗಿಟ್ಟು, "ನನಗೆ ಕಲಿಸು. ನನ್ನ ಬಾಯಲ್ಲೇ ಹೇಳ್ತೀನಿ" ಎಂದಳು.

ಮಗನ ಮುಖ ಸಪ್ಪಗಾಯಿತು. "ಅಮ್ಮಾ, ಚಿಕ್ಕಪ್ಪ ಮನೆ ಬಿಡಿ ಅಂದ್ರೆ ಎಲ್ಲಿಗೆ ಹೋಗೋದು?"

ಎರಡು ಸಂಜೆ ಬಚ್ಚಲ ನಲ್ಲಿ ಬಿಟ್ಟುಕೊಂಡು, ಸದ್ದು ಕೆಳಕ್ಕೆ ಕೇಳದಂತೆ ಪಾಠ ನಡೆಯಿತು.

"ಮೊದಲು ವಾಸ್, ಕೊನೆಗೆ ಇಂಗ್. ಇಲ್ಲ ಅನ್ನೋಕೆ ವಾಸ್ ಪಕ್ಕ ನಾಟ್."

"ಐ ವಾಸ್ ಫೋಲ್ಡ್."

"ಇಂಗ್ ಎಲ್ಲಿ ಹೋಯ್ತು ಅತ್ತೆ?"

"ನುಂಗಿಬಿಟ್ಟೆ ಕಣೇ."

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ಕೆಳಗೆ ಮೈದುನ ಕೆಮ್ಮಿದ್ದು ಕೇಳಿ ನಗು ಅಲ್ಲೇ ನಿಂತಿತು.

ಶುಕ್ರವಾರ ಅವನು ಅವಳ ಕುರ್ಚಿಗೆ ಒತ್ತಿಕೊಂಡೇ ನಿಂತಿದ್ದ. ಅವಳು ಮೇಜನ್ನೇ ನೋಡುತ್ತಾ ಹೇಳಿದಳು: "ದ ಮಷೀನ್ ವಾಸ್ ನಾಟ್ ರನ್ನಿಂಗ್. ಶಿ ವಾಸ್ ಪುಲ್ಲಿಂಗ್. ಐ ವಾಸ್ ಫೋಲ್ಡಿಂಗ್."

"ಅತ್ತಿಗೆ, ನಿಮಗೆ ಗೊತ್ತಾಗಲ್ಲ, ನಾನು ಹೇಳ್ತೀನಿ—"

ಅಧಿಕಾರಿ ಕೈಯೆತ್ತಿ ಅವನನ್ನು ತಡೆದು, ಅವಳನ್ನೇ ಏನೋ ಕೇಳಿದ. "ಹೂ" ಮತ್ತು "ಸ್ಟಾರ್ಟ್" ಎಂಬೆರಡು ಮಾತು ಅವಳಿಗೆ ಅರ್ಥವಾದವು: ಯಂತ್ರ ಶುರು ಮಾಡಿದ್ದು ಯಾರು. ಇದಕ್ಕೆ ಉತ್ತರವನ್ನು ಸೊಸೆ ಕಲಿಸಿರಲಿಲ್ಲ. ಹೊರಗೆ ಓಡಿಹೋಗೋಣವೆಂದರೆ ಬಾಗಿಲಿಗೂ ಅವಳ ಕುರ್ಚಿಗೂ ನಡುವೆ ಮೈದುನನೇ ನಿಂತಿದ್ದ. ಅವಳು ಬೆರಳೆತ್ತಿ ಮೈದುನನನ್ನು ತೋರಿಸಿದಳು.

ಜೊತೆಗಾತಿಯದು ತಪ್ಪಲ್ಲವೆಂದು ತೀರ್ಮಾನವಾಯಿತು. ಗಾಯ ಮಾಗಿದ ಮೇಲೆ ಬಟ್ಟೆ ಕೊಡುವ ಕೌಂಟರಿನಲ್ಲಿ ಅವಳಿಗೆ ಕೆಲಸವೂ ಸಿಕ್ಕಿತು. ಮೈದುನನಿಗೆ ಎಚ್ಚರಿಕೆಯ ಪತ್ರ ಬಂತು, ಅಷ್ಟೇ. ಹುದ್ದೆ ಹಾಗೇ ಉಳಿಯಿತು. ಮನೆ ಬಿಡಿ ಎಂದು ಅವನು ಹೇಳಲಿಲ್ಲ. ಅತ್ತಿಗೆ ಎಂದು ಕರೆಯುವುದನ್ನು ಬಿಟ್ಟ. ಮಡಿಕೆಯಕ್ಕ ಹಗಲೆಲ್ಲ ಅವನ ಕಣ್ಣೆದುರು ಮಡಚಬೇಕು, ಸಂಜೆ ಅವನ ನಡುಮನೆಯನ್ನೇ ದಾಟಬೇಕು.

"ನನ್ನಿಂದ ನಿನಗೆ ಮನೇಲಿ ಕಷ್ಟ ಆಯ್ತಲ್ವಾ?" ಎಂದು ಒಂದು ದಿನ ಜೊತೆಗಾತಿ ಕೇಳಿದಳು.

"ಆಯ್ತು" ಎಂದಳು ಮಡಿಕೆಯಕ್ಕ. ಆಗಲಿಲ್ಲ ಎನ್ನಲು ಮನಸ್ಸು ಬರಲಿಲ್ಲ.

ಭಾನುವಾರಗಳಲ್ಲಿ ಅತ್ತೆ ಸೊಸೆ ಬಾಡಿಗೆ ಮನೆ ನೋಡಲು ಹೋಗುತ್ತಾರೆ. ಒಂದರಲ್ಲಿ ಅಡುಗೆಮನೆಯೊಳಗೆ ಇಬ್ಬರು ನಿಲ್ಲಲಾಗದು, ಇನ್ನೊಂದು ಮಗನ ಕೆಲಸಕ್ಕೆ ಬಲು ದೂರ. ಇನ್ನೂ ಅದೇ ಮಹಡಿಯಲ್ಲಿದ್ದಾರೆ.