ಓದಲು ಬಾರದ ಅಂಚೆಚೀಟಿಗಳು

ಡಾಕ್ಟರ್ ಆಂಟಿಯ ಬೆರಳ ತುದಿಗಳು ಯಾವಾಗಲೂ ನೆನೆಹಾಕಿದ ಕಡಲೆಯಂತೆ ಸುಕ್ಕಾಗಿರುತ್ತಿದ್ದವು. ಆಸ್ಪತ್ರೆಯಲ್ಲಿ ದಿನವಿಡೀ ಕೈತೊಳೆಯುವುದು ಒಂದು ಕಾರಣ. ಭಾನುವಾರ ಊಟದ ಮೇಜಿನ ಮೇಲೆ ಸ್ಟೀಲ್ ತಟ್ಟೆಯಲ್ಲಿ ಬೆಚ್ಚಗಿನ ನೀರು ಹಾಕಿಕೊಂಡು ಅಂಚೆಚೀಟಿ ನೆನೆಸುವುದು ಇನ್ನೊಂದು. ಲಕೋಟೆಯ ಚೂರಿನಿಂದ ಚೀಟಿ ತಾನಾಗಿ ಬಿಟ್ಟುಕೊಳ್ಳುವವರೆಗೆ ಕಾಯಬೇಕು. "ಎಳೆದ್ರೆ ಹರಿಯುತ್ತೆ" ಎನ್ನುತ್ತಿದ್ದರು. ಚಹಾವನ್ನೂ ನಿಂತೇ ಕುಡಿದು ಓಡುವ ಈ ಹೆಂಗಸಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಎಂದು ನನಗೆ ನಗು ಬರುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ನಾನಾಗ ಸಂಶೋಧನಾ ವಿದ್ಯಾರ್ಥಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಬಡಾವಣೆಯಲ್ಲಿದ್ದ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಂಟಿ ಧಾರವಾಡದವರು, ಗಂಡ ತೀರಿಕೊಂಡಿದ್ದರು. ಮೈಸೂರಿನವನಾದ ನನ್ನೊಡನೆ ಇಸ್ತ್ರಿ ಮಾಡಿದಂಥ ಬೆಂಗಳೂರು ಕನ್ನಡ ಆಡುತ್ತಿದ್ದರು. ಧಾರವಾಡದ ಮಾತು ಮಾತ್ರ ಹೈಸ್ಕೂಲಿಗೆ ಹೋಗುವ ಮಗನಿಗೇ ಮೀಸಲು. ಇಲ್ಲೇ ಹುಟ್ಟಿದ ಅವನಿಗೆ ಅದೆಲ್ಲ ಅರ್ಥವಾಗುತ್ತಿತ್ತು. ಆದರೆ ಸಂಜೆ "ಯಾಕೋ ತಮ್ಮಾ, ಇಷ್ಟ್ ತಡಾ? ಊಟ ಆರಿ ಹೋತಲ್ಲೋ" ಎಂದು ಕೇಳಿದರೆ, "ಫೈನ್, ಮಮ್" ಎಂದು ಮೆಟ್ಟಿಲು ಹತ್ತಿಬಿಡುತ್ತಿದ್ದ. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಆಂಟಿ ತಟ್ಟೆ ಮುಚ್ಚಿಡುತ್ತಿದ್ದರು.

ನನ್ನ ಲ್ಯಾಬಿನಲ್ಲಿ ಕೊರಿಯಾದ ಗೆಳತಿಯೊಬ್ಬಳಿದ್ದಳು. ಅವಳಿಗೆ ತವರಿನಿಂದ ಬರುತ್ತಿದ್ದ ಲಕೋಟೆಗಳ ಮೇಲೆ ವಿಚಿತ್ರ ಅಂಚೆಚೀಟಿಗಳಿರುತ್ತಿದ್ದವು. ಹಿಂದೆ ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತಿದ್ದ ಹೆಸರಾಂತ ಕಾಮಿಕ್ ಚಿತ್ರಗಳನ್ನು ಆ ದೇಶದವರು ಚೀಟಿಯ ಮೇಲೆ ಅಚ್ಚು ಹಾಕಿಸಿದ್ದರಂತೆ. ಲಕೋಟೆಗಳನ್ನು ತಂದು ಆಂಟಿಗೆ ಕೊಟ್ಟೆ. ಒಂದರಲ್ಲಿ ಗಡ್ಡದ ಮುದುಕನೊಬ್ಬ ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಎದುರಿಗೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡ ಹುಡುಗ. ಮಾತೆಲ್ಲ ಕೊರಿಯನ್ ಅಕ್ಷರದಲ್ಲಿ.

ಚೀಟಿ ಒಣಗುತ್ತಿದ್ದಾಗ ಮಗ ಸುಮ್ಮನೆ ಬಂದು ಇಣುಕಿದ. "ವಾಟ್ಸ್ ಹಿ ಸೇಯಿಂಗ್?" ಎಂದ. ಆಂಟಿಗೇನು ಗೊತ್ತು? ಭೂತಗನ್ನಡಿ ಹಿಡಿದು, ದನಿ ದಪ್ಪ ಮಾಡಿ ಮುದುಕನಾದರು: "ಯಾಕೋ ತಮ್ಮಾ, ಇಷ್ಟ್ ತಡಾ? ಊಟ ಆರಿ ಹೋತಲ್ಲೋ."

ಹುಡುಗ ನಕ್ಕ. ಕುರ್ಚಿ ಎಳೆದು ಕೂತ. "ಮಿಸ್ಡ್ ದ ಬಸ್, ಗ್ರ್ಯಾಂಡ್‌ಡ್ಯಾಡ್."

ಅಂದಿನಿಂದ ಭಾನುವಾರದ ಆಟ ಶುರುವಾಯಿತು. ಮುದುಕನ ಮಾತು ಧಾರವಾಡದ್ದು, ಹುಡುಗನ ಮಾತು ಬರ್ಮಿಂಗ್‌ಹ್ಯಾಮಿನದು. ಒಂದು ಸಲ ಚಪ್ಪಲಿಯ ಹುಡುಗ, "ನೋಬಡಿ ಸಿಟ್ಸ್ ವಿತ್ ಮಿ ಅಟ್ ಲಂಚ್, ಗ್ರ್ಯಾಂಡ್‌ಡ್ಯಾಡ್" ಎಂದುಬಿಟ್ಟ. ಆಂಟಿ ಚಿಮಟದಿಂದ ಚೀಟಿಯನ್ನು ಸುಮ್ಮನೆ ಇತ್ತಿಂದತ್ತ ಸರಿಸಿದರು. ಮುದುಕನ ದನಿ ಬಿಡದೆ, "ನಾ ಬಂದು ಕುಂಡ್ರತೇನಿ ಬಿಡೋ" ಎಂದರು. ಮಗನಿಗೆ ಶಾಲೆಯಲ್ಲಿ ಗೆಳೆಯರಿಲ್ಲ ಎಂಬುದು ಆ ತಾಯಿಗೆ ತಿಳಿದದ್ದು ಹಾಗೆ.

ನಾನು ಉತ್ಸಾಹದಿಂದ, "ಆಂಟಿ, ನನ್ನ ಗೆಳತೀನ ಒಂದಿನ ಊಟಕ್ಕೆ ಕರ್ಕೊಂಡು ಬರ್ಲಾ? ಅದರಲ್ಲಿರೋದೆಲ್ಲ ಓದಿ ಹೇಳ್ತಾಳೆ" ಎಂದೆ. ಬಾಗಿಲಿಗೆ ಬಂದ ಪೋಸ್ಟ್‌ಮ್ಯಾನ್‌ಗೂ ಚಹಾ ಬೇಕೇ ಎಂದು ಕೇಳುತ್ತಿದ್ದ ಹೆಂಗಸು ಥಟ್ಟನೆ ತಲೆ ಅಡ್ಡಡ್ಡ ಆಡಿಸಿದರು. ನನ್ನೆದುರಿಗೂ ಊರಿನ ಮಾತೇ ಬಂತು.

"ಬ್ಯಾಡಪಾ. ಅದರಾಗ ಏನ್ ಬರದಾರ ಅಂತ ಗೊತ್ತಾದ್ರ ಆಟ ಮುಗೀತು. ನನಗೂ ಬರೂದಿಲ್ಲ, ಅವಗೂ ಬರೂದಿಲ್ಲ. ಅದಕ್ಕನ ಅಂವಾ ನನ್ನ ಜೋಡಿ ಕುಂಡ್ರತಾನ."

ಗೆಳತಿಯನ್ನು ನಾನು ಆ ಮನೆಗೆ ಕರೆದೊಯ್ಯಲಿಲ್ಲ. ಲಕೋಟೆ ತರುವುದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಕೆಲಸ ಸಿಕ್ಕಿ ಡರ್ಬಿಗೆ ಹೋದೆ. ಕೆಲವು ವರ್ಷಗಳ ನಂತರ ಆಂಟಿ ಕ್ಯಾನ್ಸರಿನಿಂದ ತೀರಿಕೊಂಡರು. ಸುದ್ದಿ ತಿಳಿದು ಹೊರಟವನಿಗೆ ದಾರಿಯಲ್ಲಿ ರೈಲು ಕೈಕೊಟ್ಟಿತು. ಮುಟ್ಟುವಷ್ಟರಲ್ಲಿ ಅಂತ್ಯಕ್ರಿಯೆ ಮುಗಿದು, ಬಂದವರು ಹೊರಟುಹೋಗಿದ್ದರು. ಊಟದ ಮೇಜಿನ ಮುಂದೆ ಮಗ ಒಬ್ಬನೇ ಕೂತಿದ್ದ. ನನಗಿಂತ ಎತ್ತರಕ್ಕೆ ಬೆಳೆದಿದ್ದ. ಮುಂದೆ ಆಲ್ಬಮ್ ತೆರೆದಿತ್ತು. ನಾನು ಬಾಗಿಲಲ್ಲೇ ನಿಂತೆ.

ಅವನು ತಲೆಯೆತ್ತಲಿಲ್ಲ. ಬೆರಳು ಗಡ್ಡದ ಮುದುಕನ ಮೇಲಿತ್ತು. ಅಲ್ಲಿಯವರೆಗೆ ಅವನ ಬಾಯಲ್ಲಿ ಒಂದು ಕನ್ನಡ ಪದವನ್ನೂ ನಾನು ಕೇಳಿರಲಿಲ್ಲ.

"ಯಾಕೋ ತಮ್ಮಾ, ಇಷ್ಟ್ ತಡಾ? ಊಟ ಆರಿ ಹೋತಲ್ಲೋ."

ಥೇಟ್ ಆಂಟಿಯ ಮುದುಕನ ದನಿ. ಉತ್ತರ ಕೊಡಬೇಕಾದವನೇ ಪ್ರಶ್ನೆ ಕೇಳುತ್ತಿದ್ದ. ಉತ್ತರವನ್ನು ನಾನೇ ಹೇಳಬೇಕಾಯಿತು.

"ಮಿಸ್ಡ್ ದ ಬಸ್, ಗ್ರ್ಯಾಂಡ್‌ಡ್ಯಾಡ್" ಎಂದೆ.

ಅವನು ಪಕ್ಕದ ಕುರ್ಚಿಯನ್ನು ಎಳೆದ.

"ಇರ್ಲಿ ಬಾ. ಕುಂಡ್ರು."